ತಾಯಿಹುಲ್ಲಿನ ಬಳುವಳಿ

ಕೆಲವು ಹುಲ್ಲುಗಳ ಬೀಜದಲ್ಲಿ ಭ್ರೂಣದ ಜೊತೆಗೆ ಇನ್ನೊಂದು ಜೀವವೂ ಮಲಗಿರುತ್ತದೆ. ಎಪಿಕ್ಲೋಯಿ ಎಂಬ ಶಿಲೀಂಧ್ರ ಅದು. ನಮ್ಮ ಸಜ್ಜೆಯ ತೆನೆಯನ್ನು ಕಾಡುವ ಎರ್ಗಟ್ ಶಿಲೀಂಧ್ರದ ಕುಟುಂಬದ್ದೇ. ಬೀಜ ಮೊಳೆತಾಗ ಇದೂ ಎಚ್ಚೆತ್ತು, ಜೀವಕೋಶಗಳ ಒಳಹೊಗದೆ ಅವುಗಳ ನಡುವಿನ ಸಂದಿಗಳಲ್ಲಿ ಎಳೆಯೆಳೆಯಾಗಿ ಹಬ್ಬುತ್ತದೆ. ಎಲೆ ಉದ್ದವಾದಂತೆ ಎಳೆಯೂ ಅದರೊಂದಿಗೇ ಉದ್ದವಾಗುತ್ತದೆ. ಹುಲ್ಲು ತೆನೆ ಬಿಟ್ಟಾಗ ಅಂಡಾಶಯ ಸೇರಿ ಮುಂದಿನ ಬೀಜಕ್ಕೆ ದಾಟುತ್ತದೆ. ಪರಾಗದ ಮೂಲಕ ದಾಟದ ಕಾರಣ ಇದು ತಾಯಿಯ ಕಡೆಯಿಂದಷ್ಟೇ ಸಿಗುವ ಬಳುವಳಿ.

ಗೋಧಿಹೊಲದ ಡಾರ್ನೆಲ್ ಕಳೆಯ ಬೀಜದಲ್ಲಿ ಇಂಥ ಎಳೆಗಳನ್ನು ಯುರೋಪಿನ ಸಸ್ಯವಿಜ್ಞಾನಿಗಳು 1898ರಲ್ಲೇ ಕಂಡಿದ್ದರು. ಆದರೂ ಲೋಕದ ಗಮನ ಇತ್ತ ತಿರುಗಿದ್ದು ದನಗಳ ಸಂಕಟದಿಂದ. ಅಮೆರಿಕದಲ್ಲಿ 1943ರಲ್ಲಿ ಬಿಡುಗಡೆಯಾದ ಕೆಂಟಕಿ-31 ಎಂಬ ಟಾಲ್ ಫೆಸ್ಕ್ಯೂ ಹುಲ್ಲಿನ ತಳಿಯನ್ನು ಮೇಯ್ದ ದನಗಳು ಸೊರಗುತ್ತಿದ್ದವು. ಕೆಲವಕ್ಕೆ ಕಾಲೇ ಕೊಳೆಯುತ್ತಿತ್ತು. ಇದರ ಹಿಂದೆ ಶಿಲೀಂಧ್ರವಿದೆಯೆಂದು 1977ರಲ್ಲಿ ಬೆರಳು ತೋರಿದ್ದು ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು. ರೈಗ್ರಾಸ್ ಎಂಬ ಮೇವಿನ ಹುಲ್ಲು ಮೇಯ್ದ ಕುರಿಗಳು ತತ್ತರಿಸಿ ಬೀಳುವುದಕ್ಕೂ ಇಂಥದೇ ಕಾರಣವೆಂದು ನ್ಯೂಜಿಲೆಂಡ್‌ನ ಫ್ಲೆಚರ್ ಮತ್ತು ಹಾರ್ವೆ 1981ರಲ್ಲಿ ತಿಳಿಸಿದರು. ಆದರೆ ಶಿಲೀಂಧ್ರವಿಲ್ಲದ ರೈಗ್ರಾಸನ್ನು ಮೂತಿಹುಳು ಸುಲಭವಾಗಿ ಹಾಳುಮಾಡುತ್ತಿತ್ತು! ದನಕ್ಕೆ ವಿಷವಾದದ್ದು ಹುಲ್ಲಿಗೆ ಕಾವಲು. ಕೀತ್ ಕ್ಲೇ 1988ರಲ್ಲಿ ಈ ನಂಟನ್ನು ರಕ್ಷಣೆಯ ಸಹಬಾಳ್ವೆ ಎಂದು ವಿವರಿಸಿದರು.

ಆ ವಿವರಣೆ ಸೊಗಸಾಗಿತ್ತು. ಆದರೆ ಅದರ ಬುನಾದಿ ಬಹುಪಾಲು ಎರಡೇ ಮೇವಿನ ಹುಲ್ಲುಗಳು, ಅವೂ ಮನುಷ್ಯ ಆರಿಸಿ ಗೊಬ್ಬರ ಹಾಕಿ ಬೆಳೆಸಿದವು. ಕಾಡುಹುಲ್ಲುಗಳ ಕಡೆ ಹೊರಳಲು ಈ ಕ್ಷೇತ್ರ ತಡಮಾಡಿತೆಂದೇ ನನ್ನ ಭಾವನೆ. ಸ್ಟ್ಯಾನ್ಲಿ ಫೇತ್ ಮತ್ತು ಸಂಗಡಿಗರು ಅರಿಜೋನಾ ಫೆಸ್ಕ್ಯೂ ಎಂಬ ಕಾಡುಹುಲ್ಲನ್ನು ಪರೀಕ್ಷಿಸಿದಾಗ, ಶಿಲೀಂಧ್ರ ಹೊತ್ತ ಗಿಡಗಳೇ ಅನೇಕ ಸಲ ಹಿಂದುಳಿದವು. ಆದರೂ ಬಯಲಲ್ಲಿ ಅಂಥ ಗಿಡಗಳೇ ಹೆಚ್ಚು. ಹಾಗಾದರೆ ಶಿಲೀಂಧ್ರ ಉಳಿದಿರುವುದು ಹೇಗೆ?

ಉತ್ತರ ಹುಡುಕುವವರು ಲೆಕ್ಕದ ಮೊರೆಹೊಕ್ಕರು. ಬಳುವಳಿ ಪ್ರತಿ ಬೀಜಕ್ಕೂ ತಲುಪುವುದಿಲ್ಲ. ಬೀಜವನ್ನು ಸೆಕೆಯಲ್ಲಿ, ತೇವದಲ್ಲಿ ಇಟ್ಟರೆ ಮೊದಲು ಸಾಯುವುದು ಶಿಲೀಂಧ್ರವೇ. ನೂರು ಬೀಜಗಳಲ್ಲಿ ಹತ್ತಕ್ಕೆ ದಾಟದೆ ಹೋಯಿತೆನ್ನಿ. ಉಳಿದ ತೊಂಬತ್ತು ಬೀಜಗಳೇ ಆ ನಷ್ಟ ತುಂಬಬೇಕು. ಅಂದರೆ ಶಿಲೀಂಧ್ರ ಹೊತ್ತ ಗಿಡ ಹೊರದ ಗಿಡಕ್ಕಿಂತ ಶೇಕಡಾ 11ಕ್ಕೂ ಹೆಚ್ಚು ಸಂತಾನ ಕೊಡಬೇಕು; ಇಲ್ಲದಿದ್ದರೆ ತಲೆಮಾರು ಕಳೆದಂತೆ ಶಿಲೀಂಧ್ರ ಕರಗುತ್ತದೆ. ಇಂಥ ಸೋರಿಕೆಯೇ ಇಲ್ಲದಿದ್ದರೆ ಚೂರು ಲಾಭವೂ ಸಾಕು. ಇಂಥ ಮಾದರಿಯನ್ನು ರಾವೆಲ್ ಮತ್ತು ಸಂಗಡಿಗರು 1997ರಲ್ಲಿ ಕಟ್ಟಿದರು. ಮುಂದೆ ಅರ್ಜೆಂಟೀನಾದ ಪೆಡ್ರೊ ಗುಂಡೆಲ್ ತಂಡ ಅದನ್ನು ಬೆಳೆಸಿತು. ಈ ಲೆಕ್ಕ ಬಂದ ಮೇಲೆ, ಕಡಿಮೆ ಗಿಡಗಳಲ್ಲಿ ಕಂಡ ಮಾತ್ರಕ್ಕೆ ಶಿಲೀಂಧ್ರ ನಿರುಪಯೋಗಿ ಎನ್ನುವಂತಿಲ್ಲ. ಅದು ಉಪಕಾರಿಯೇ ಆಗಿದ್ದು ಸೋರಿಹೋಗುತ್ತಿರಬಹುದು. ಸೋರಿಕೆ ಬೀಜದಲ್ಲೋ ಸಸಿಯಲ್ಲೋ ತೆನೆಯಲ್ಲೋ ಎಂದು ಮಿಶೆಲ್ ಅಫ್ಖಾಮಿ ಮತ್ತು ಜೆನಿಫರ್ ರಜರ್ಸ್ 2008ರಲ್ಲಿ ಹಂತಹಂತವಾಗಿ ಅಳೆದರು. ಒಂದೊಂದು ಹುಲ್ಲಿಗೂ ಅದು ಒಂದೊಂದು ಬಗೆ.

ಲಾಭವೂ ಎಲ್ಲೆಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ಬ್ರೋಮಸ್ ಲೇವಿಪೆಸ್ ಹುಲ್ಲು ಶಿಲೀಂಧ್ರದ ನೆರವಿನಿಂದ ಇನ್ನಷ್ಟು ಒಣನೆಲಕ್ಕೂ ಹಬ್ಬಿದೆಯೆಂದು ಅಫ್ಖಾಮಿ ತಂಡ 2014ರಲ್ಲಿ ತೋರಿಸಿತು. ಈಗ ಸಂಶೋಧಕರು ಹರ್ಬೇರಿಯಂಗಳಲ್ಲಿ ಒಣಗಿಸಿಟ್ಟ ಹಳೆಯ ಹುಲ್ಲುಗಳಿಂದಲೂ ಬೀಜ ಬಿಡಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಎಳೆಗಳನ್ನು ಹುಡುಕುತ್ತಿದ್ದಾರೆ. ಸತ್ತು ನೂರು ವರ್ಷವಾದ ಹುಲ್ಲಿನ ಬೀಜದಲ್ಲೂ ಆ ಬಳುವಳಿಯ ಗುರುತು ಕಾಣುತ್ತದೆ.