ಕಡಲಾಚೆಯ ಸಹಿ

ಪರದೇಶದಲ್ಲಿ ನೆಲೆಸಿದವರು ಊರಿನ ಮನೆ ಮಾರಬೇಕೆಂದರೆ ಮೊದಲು ನೆನಪಾಗುವುದು ಜಿಪಿಎ. ಹಿಂದಿನವರ ಬಾಯಲ್ಲಿ ಇದು ಮುಖ್ತ್ಯಾರ್ ಪತ್ರ. ಇದನ್ನು ಪಡೆದವರು ಹಾಕಿದ ಸಹಿ, ಕೊಟ್ಟವರೇ ಹಾಕಿದಷ್ಟು ಸಿಂಧು ಎಂದಿತು ಬ್ರಿಟಿಷರ 1882ರ ಕಾಯ್ದೆ.

ಆದರೆ ಕಡಲಾಚೆ ಸಹಿ ಹಾಕಿದವರು ಅವರೇ ಎಂದು ನಂಬುವುದು ಹೇಗೆ? 1908ರ ನೋಂದಣಿ ಕಾಯ್ದೆಯ 33ನೇ ಕಲಂ ದಾರಿ ತೋರಿತು: ನೋಟರಿ, ನ್ಯಾಯಾಧೀಶ ಅಥವಾ ಕಾನ್ಸುಲ್ ಮುಂದೆ ಸಹಿ ಹಾಕಬೇಕು, ಅವರು ಅದನ್ನು ದೃಢೀಕರಿಸಬೇಕು. ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬ ನಿಯಮ 1899ರಿಂದಲೇ ಇತ್ತು. 2005ರಲ್ಲಿ ಹೇಗ್ ಒಪ್ಪಂದ ಭಾರತಕ್ಕೂ ಅನ್ವಯವಾಗಿ, ಅಲ್ಲಿನ ನೋಟರಿಯ ಸಹಿಯನ್ನು ದೃಢಪಡಿಸುವ ‘ಅಪೊಸ್ಟಿಲ್’ ಬಳಕೆಗೆ ಬಂತು.

ಅನುಕೂಲದ ಜೊತೆ ದುರುಪಯೋಗವೂ ಬೆಳೆಯಿತು. ಶುಲ್ಕ ಉಳಿಸಲು ಬರೀ ಜಿಪಿಎ ಕೊಟ್ಟು ಆಸ್ತಿ ಮಾರುವ ರೂಢಿ ಹಬ್ಬಿತು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು: ಜಿಪಿಎಯಿಂದ ಒಡೆತನ ಬದಲಾಗದು, ನೋಂದಾಯಿತ ಕ್ರಯಪತ್ರವೇ ಬೇಕು. ಮಗನೋ ತಂಗಿಯೋ ಜಿಪಿಎ ಪಡೆದು, ಕೊಟ್ಟವರ ಪರವಾಗಿ ಕ್ರಯಪತ್ರ ಮಾಡಿಕೊಡಲು ಮಾತ್ರ ಅಡ್ಡಿಯಿಲ್ಲ.

ಇನ್ನೊಂದು ಮಾತನ್ನು ಹಲವರು ಮರೆಯುತ್ತಾರೆ. 1872ರ ಕರಾರು ಕಾಯ್ದೆಯಂತೆ, ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ದೂರದಲ್ಲಿದ್ದು ಊರಿನವರ ಕೈಗೆ ಪತ್ರ ಕೊಡುವಾಗ ಯಾವ ಆಸ್ತಿ, ಯಾವ ಕೆಲಸ, ಎಲ್ಲಿಯವರೆಗೆ ಎಂಬುದನ್ನು ಬಿಡಿಸಿ ಬರೆದರೆ ನಂಟೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.