ರುವಾನ್‌ನ ಮೊದಲ ರೋಗಿಯ ಕಾಲು

ಕ್ಯಾಥ್ ಲ್ಯಾಬ್‌ಗೆ ಹೊಸದಾಗಿ ಬರುವ ಕಿರಿಯ ವೈದ್ಯರಿಗೆ ನಾನು ಮೊದಲು ಹೇಳುವುದು 2002ರ ಏಪ್ರಿಲ್ 16ರ ಸಂಗತಿ. ಅಂದು ಫ್ರಾನ್ಸಿನ ರುವಾನ್ ನಗರದಲ್ಲಿ ಡಾ. ಅಲೈನ್ ಕ್ರಿಬಿಯೆ, ಎದೆ ಸೀಳದೆ, ಮನುಷ್ಯನ ಮಹಾಪಧಮನಿಯ ಬಾಯಲ್ಲಿ ಮೊದಲ ಬಾರಿಗೆ ಹೊಸ ಕವಾಟ ಕೂರಿಸಿದರು. ರೋಗಿಗೆ 57 ವರ್ಷ. ರಕ್ತದೊತ್ತಡ ಕುಸಿದಿತ್ತು, ಶಸ್ತ್ರಚಿಕಿತ್ಸಕರು ಆಗದೆಂದಿದ್ದರು. ಕಾಲಿನ ಅಪಧಮನಿಗಳು ಕಟ್ಟಿಕೊಂಡಿದ್ದರಿಂದ ನೇರ ದಾರಿಯೂ ಇರಲಿಲ್ಲ. ತೊಡೆಯ ಅಭಿಧಮನಿಯಿಂದ ಹೊರಟು, ಹೃತ್ಕರ್ಣಗಳ ನಡುಗೋಡೆ ಚುಚ್ಚಿ, ಮೈಟ್ರಲ್ ಕವಾಟ ದಾಟಿ, ಬಳಸಿಕೊಂಡು ಹೋದರು ಕ್ರಿಬಿಯೆ.

ಕವಾಟ ಕೆಲಸ ಮಾಡಿತು. ನಾಲ್ಕು ತಿಂಗಳು ಹೃದಯವೈಫಲ್ಯ ಮರಳಲಿಲ್ಲ. ಆದರೆ ರಕ್ತ ಸಾಲದ ಕಾಲು ಕೆಡುತ್ತ ಹೋಗಿ ಕತ್ತರಿಸಬೇಕಾಯಿತು. ಗಾಯ ಮಾಯಲಿಲ್ಲ, ಸೋಂಕು ಹತ್ತಿತು. 17ನೇ ವಾರದಲ್ಲಿ ರೋಗಿ ತೀರಿಕೊಂಡರು. ಕಾಲಿನ ರೋಗ ಮೊದಲೇ ಇತ್ತು, ನಿಜ. ಆದರೂ ಈ ಚಿಕಿತ್ಸೆಯ ಚರಿತ್ರೆಯನ್ನು ಕವಾಟದ ಗೆಲುವಿಗೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಕಾಲನ್ನೂ ಹೇಳಬೇಕು.

ಬಳಸುದಾರಿಯಲ್ಲಿ ಕವಾಟಕ್ಕೆ ದಾರಿ ತೋರುವ ತಂತಿ ಬಿಗಿದರೆ ಮೈಟ್ರಲ್ ಕವಾಟ ಮುಚ್ಚದೆ ರಕ್ತದೊತ್ತಡ ಬೀಳುತ್ತಿತ್ತು. ವ್ಯಾಂಕೂವರ್‌ನ ಜಾನ್ ವೆಬ್ ತಂಡ 2006ರಲ್ಲಿ ತೊಡೆಯ ಅಪಧಮನಿಯ ನೇರ ದಾರಿಯನ್ನು ವರದಿ ಮಾಡಿತು. ಆ ತೊಂದರೆ ತಪ್ಪಿತು, ಬೇರೆಯದು ಬಂತು: ಸುಣ್ಣಗಟ್ಟಿದ ಮುದಿ ನಾಳದೊಳಗೆ ಕವಾಟ ಸಾಗಿಸುವ ಸುಮಾರು 8 ಮಿ.ಮೀ. ಕೊಳವೆ. ಈ ಕವಾಟವನ್ನು ಮಾಮೂಲಿ ಚಿಕಿತ್ಸೆಯೊಂದಿಗೆ ಹೋಲಿಸಿದ 2010ರ ಪಾರ್ಟ್‌ನರ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದವರ ಪೈಕಿ ಒಂದು ವರ್ಷದ ಸಾವು ಶೇ. 50.7ರಿಂದ 30.7ಕ್ಕೆ ಇಳಿಯಿತು. ಅದೇ ಅಧ್ಯಯನದಲ್ಲಿ ಹೊಸ ಕವಾಟ ಪಡೆದವರಲ್ಲಿ ಶೇ. 16.2 ಮಂದಿಗೆ ಮೊದಲ 30 ದಿನದೊಳಗೆ ರಕ್ತನಾಳಗಳಿಗೆ ದೊಡ್ಡ ಪೆಟ್ಟಾಗಿತ್ತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 1.1 ಮಾತ್ರ.

ಈಗ ಕೊಳವೆಯ ಒಳವ್ಯಾಸ 5 ಮಿ.ಮೀ.ಗಿಂತ ಕಡಿಮೆಗೆ ಬಂದಿದೆ. ಸಿಟಿ ಸ್ಕ್ಯಾನ್ ಬಂದ ಕೂಡಲೇ ನಾನು ಹೃದಯ ಬಿಟ್ಟು ಮೊದಲು ಕಿಬ್ಬೊಟ್ಟೆಯಿಂದ ತೊಡೆಯವರೆಗಿನ ನಾಳಗಳ ಅಗಲ, ತಿರುವು, ಸುಣ್ಣ ನೋಡುತ್ತೇನೆ. ನಾಳ ಹರಿದರೆ ಕೊಳವೆಯನ್ನು ಗಾಬರಿಯಲ್ಲಿ ಎಳೆಯಬಾರದು. ಎಷ್ಟೋ ಸಲ ಸೋರಿಕೆ ತಡೆದಿರುವುದು ಅದೇ. ಮೇಲ್ಗಡೆ ಬಲೂನು ಉಬ್ಬಿಸಿ ರಕ್ತ ನಿಲ್ಲಿಸಿ, ಹೊದಿಕೆಯಿರುವ ಸ್ಟೆಂಟ್ ಕೂರಿಸಬೇಕು. 

ಕವಾಟ ಕೂರಿಸಿದ ಮೇಲೆ ಪೇಸ್‌ಮೇಕರ್ ಬೇಕಾಗಬಹುದೆಂಬ ಚಿಂತೆ ಮಾತ್ರ ಕೊಳವೆ ತೆಳುವಾದರೂ ಹಗುರಾಗಲಿಲ್ಲ. ಹೃದಯಬಡಿತದ ವಿದ್ಯುತ್ ಎಳೆ ಈ ಕವಾಟದ ಬುಡದಲ್ಲೇ ಹಾಯುತ್ತದೆ; ಹೊಸ ಕವಾಟದ ಚೌಕಟ್ಟು ಕೆಳಗೆ ಜಾರಿದಷ್ಟೂ ಅದು ಅದುಮಿಹೋಗುವ ಭಯ ಹೆಚ್ಚು. ಆದ್ದರಿಂದ ಇಸಿಜಿ ಬದಲಾಗಿದ್ದರೆ, ಮನೆಯವರು ಎಷ್ಟೇ ಅವಸರಿಸಿದರೂ, ತಾತ್ಕಾಲಿಕ ಪೇಸಿಂಗ್ ತಂತಿಯನ್ನು ನಾನು ಅಂದೇ ತೆಗೆಯುವುದಿಲ್ಲ.