ಹಾಸ್ಟೆಲ್ ರೂಮಿನ ಪಾಠ

1935ರಲ್ಲಿ ಗೌರಿಬಿದನೂರು ಕಡೆಯ ಹೊಸೂರಿನಿಂದ ಬಡವರ ಮನೆ ಹುಡುಗನೊಬ್ಬ ಓದೋಕೆ ಅಂತ ಬೆಂಗಳೂರಿಗೆ ನಡೆದೇ ಬಂದ. ಅವರೇ ಎಚ್. ನರಸಿಂಹಯ್ಯ, ನಮ್ಮ ದೊಡ್ಡಬಳ್ಳಾಪುರಕ್ಕೆ ಪಕ್ಕದ ತಾಲ್ಲೂಕಿನವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ವಾಸ ಮಾತ್ರ ಕೊನೇವರೆಗೂ ಹುಡುಗರ ಜೊತೆ ಹಾಸ್ಟೆಲ್ ರೂಮಿನಲ್ಲೇ.

ಆ ರೂಮಿನ ಬೆಲೆ ಹಳ್ಳಿಯಿಂದ ಬಂದವರಿಗೆ ಗೊತ್ತು. ಪಾಠಕ್ಕಿಂತ ಕಷ್ಟ, ಡೌಟು ಕೇಳೋಕೆ ಯಾರೂ ಇಲ್ಲದಿರೋದು. ಬಿಇನಲ್ಲಿ ನನಗೆ ಸಿ ಪ್ರೋಗ್ರಾಮಿಂಗ್ ಅರ್ಥವಾಗಿದ್ದು ರಾತ್ರಿ ಊಟ ಆದ್ಮೇಲೆ, ಸೀನಿಯರ್ ಒಬ್ಬರ ರೂಮಿನಲ್ಲಿ, ಕನ್ನಡದಲ್ಲಿ.

ಈಗ ನಮ್ಮ ಕಡೆ ಎಷ್ಟೋ ಹುಡುಗರು ಬಸ್ ಪಾಸಲ್ಲಿ ದಿನಾ ಹೋಗಿಬರ್ತಾರೆ. ಸಂಜೆ ಬಸ್ ಹಿಡಿಯೋ ಆತುರದಲ್ಲಿ ಆ ರಾತ್ರಿಪಾಠ ತಪ್ಪಿಹೋಗುತ್ತೆ. ಸೀನಿಯರುಗಳು ಅದನ್ನ ಬಸ್ಸಿನ ಸೀಟಲ್ಲೇ ಶುರುಮಾಡಿದರೂ ಸಾಕು.